ಕೆಫೀನ್–ಡಾಫ್ನಿಯಾ ಪ್ರಯೋಗದ ಕಿಟ್: ತರಗತಿಯಲ್ಲಿ ಬಳಸಿ ನೋಡಿದ ಮೇಲೆ

ಚರಂಡಿ ನೀರಿನೊಂದಿಗೆ ಹೊಳೆ ಸೇರುವ ಕೆಫೀನ್ ಸಿಹಿನೀರಿನ ಜೀವಿಗಳಿಗೆ ಏನು ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಈ ಕಿಟ್ ತರಿಸಿಕೊಂಡೆ. ಜೀವಂತ ಡಾಫ್ನಿಯಾಗಳ (ನೀರುಚಿಗಟ ಎನ್ನುವ ಸಿಹಿನೀರಿನ ಪುಟ್ಟ ಜೀವಿಗಳ) ಬಾಟಲಿ, ಅವುಗಳ ಆಹಾರಕ್ಕೆ ಹಸಿರು ಪಾಚಿ, ಗುಳಿಯಿರುವ ಸ್ಲೈಡುಗಳು, ಡ್ರಾಪರ್, ಶೇ. 0.1ರ ಕೆಫೀನ್ ದ್ರಾವಣ ಮತ್ತು ಒಂದು ಕೈಪಿಡಿ ಅದರಲ್ಲಿವೆ. ಡಾಫ್ನಿಯಾಗಳು ಆರೋಗ್ಯವಾಗಿಯೇ ಬಂದು ತಲುಪಿದವು.

ಕೆಲವೇ ಮಿಲಿಮೀಟರ್ ಉದ್ದದ ಈ ಜೀವಿಯ ಮೈ ಗಾಜಿನಂತೆ ಪಾರದರ್ಶಕವಾಗಿರುವುದರಿಂದ, ಬೆನ್ನಿನ ಭಾಗದಲ್ಲಿ ಮಿಡಿಯುವ ಹೃದಯವೂ ಅದರ ಹಿಂದಿನ ಚೀಲದಲ್ಲಿರುವ ಮೊಟ್ಟೆಗಳೂ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮಿಡಿತ ಬಾಯಲ್ಲಿ ಎಣಿಸಲಾಗದಷ್ಟು ವೇಗದ್ದು. ಆದ್ದರಿಂದ ಮಿಡಿತಕ್ಕೊಂದರಂತೆ ಕಾಗದದ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಡಿಸಿ, 15 ಸೆಕೆಂಡುಗಳ ನಂತರ ಚುಕ್ಕೆಗಳನ್ನು ಎಣಿಸಿದೆವು. ದ್ರಾವಣ ಸೇರಿಸಿದ ಕೆಲವು ನಿಮಿಷಗಳಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಬಿದ್ದವು. ಆದರೆ ದೀಪದ ಶಾಖಕ್ಕೆ ಸ್ಲೈಡಿನ ನೀರು ಬಿಸಿಯಾದರೂ ಮಿಡಿತ ಏರುತ್ತದೆ ಎಂಬ ಎಚ್ಚರಿಕೆಯನ್ನು ಕೈಪಿಡಿ ಕೊಡುವುದಿಲ್ಲ. ಕೆಫೀನ್ ಹಾಕದ ಇನ್ನೊಂದು ಸ್ಲೈಡನ್ನು ಅದೇ ದೀಪದಡಿ ಅಷ್ಟೇ ಹೊತ್ತು ಇಟ್ಟು ಹೋಲಿಸದಿದ್ದರೆ ಈ ಪ್ರಯೋಗಕ್ಕೆ ಬೆಲೆಯಿಲ್ಲ.

ನನ್ನ ದೊಡ್ಡ ಆಕ್ಷೇಪ ಬೇರೆಯದು. ಇದನ್ನೇ ‘ನದಿಯಲ್ಲಿ ನಡೆಯುವುದು’ ಎಂದು ಕೈಪಿಡಿ ಹೇಳುತ್ತದೆ. ಶೇ. 0.1 ಎಂದರೆ ಲೀಟರಿಗೆ 1 ಗ್ರಾಂ. ನದಿಗಳಲ್ಲಿ ಸಿಗುವ ಕೆಫೀನನ್ನು ನ್ಯಾನೋಗ್ರಾಂ, ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತಾರೆ. ಲೀಟರಿಗೆ 1 ಮೈಕ್ರೋಗ್ರಾಂ ಇರುವ ನೀರಿಗಿಂತ ಈ ದ್ರಾವಣ 10 ಲಕ್ಷ ಪಟ್ಟು ಗಾಢ. ಹಾಗೆಂದು ನದಿಯ ಕೆಫೀನ್ ನಗಣ್ಯವೆಂದು ನಾನು ಹೇಳುತ್ತಿಲ್ಲ. 104 ದೇಶಗಳ 258 ನದಿಗಳಿಂದ ನೀರು ಸಂಗ್ರಹಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಕೆಫೀನ್ ಪತ್ತೆಯಾಗಿತ್ತು. ಕುಡಿದ ಕೆಫೀನಿನ ಬಹುಪಾಲನ್ನು ನಮ್ಮ ಯಕೃತ್ತು ಒಡೆದುಹಾಕುತ್ತದೆ, ಶುದ್ಧೀಕರಣ ಘಟಕಗಳೂ ಸಾಕಷ್ಟನ್ನು ತೆಗೆಯುತ್ತವೆ. ಆದರೂ ದಿನವೂ ಹೊಸದಾಗಿ ಬಂದು ಸೇರುತ್ತಲೇ ಇರುವುದರಿಂದ ನೀರಿನ ಜೀವಿಗಳಿಗೆ ಅದರಿಂದ ಬಿಡುವೆಂಬುದೇ ಇಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಐದು ನಿಮಿಷದ ಹೃದಯ ಮಿಡಿತದ್ದಲ್ಲ, ಅತ್ಯಲ್ಪ ಪ್ರಮಾಣದಲ್ಲೇ ಬದುಕು ಕಳೆಯುವ ಜೀವಿಯ ಬೆಳವಣಿಗೆ ಮತ್ತು ಸಂತಾನದ್ದು. ಡಾಫ್ನಿಯಾದ ಮೇಲೆ ಪ್ರಯೋಗಾಲಯಗಳು ನಡೆಸುವ ಸಂತಾನೋತ್ಪತ್ತಿ ಪರೀಕ್ಷೆ 21 ದಿನಗಳದ್ದಾಗಿರುವುದು ಇದೇ ಕಾರಣಕ್ಕೆ.

ಕಿಟ್ ಕೊಳ್ಳಬಹುದು, ಡಾಫ್ನಿಯಾಗಳಿಗಾಗಿಯೇ ಕೊಳ್ಳಬಹುದು. ದ್ರಾವಣವನ್ನು ಹಂತಹಂತವಾಗಿ ತೆಳುಗೊಳಿಸಿ, ಕೆಲವು ಜಾಡಿಗಳನ್ನು ಮೂರು ವಾರ ಇಟ್ಟು, ಹುಟ್ಟಿದ ಮರಿಗಳನ್ನು ಎಣಿಸಿ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಿರಿ ಎಂಬ ಕೊನೆಯ ಪುಟದ ಸೂಚನೆಯನ್ನು ಮಾತ್ರ ಪಾಲಿಸಬೇಡಿ. ಆ 50 ಮಿ.ಲೀ. ಬಾಟಲಿಯ ಕೆಫೀನ್ ಎಷ್ಟು ನೀರಿಗೆ ಸಾಕೆಂದು ಮಕ್ಕಳು ಬೋರ್ಡಿನ ಮೇಲೆ ಲೆಕ್ಕ ಹಾಕಿದರು: ಲೀಟರಿಗೆ 1 ಮೈಕ್ರೋಗ್ರಾಂನಂತೆ 50,000 ಲೀಟರ್.