ಪಿಂಕ್ ಫ್ಲಾಯ್ಡ್: ಮೊದಲು ಯಾವುದು ಕೇಳಲಿ?

ಈ ಬ್ರಿಟಿಷ್ ರಾಕ್ ಬ್ಯಾಂಡಿಗೆ ಹೊಸಬರಾದವರಿಗೆ ನಾನು ಕೊಡುವುದು 1973ರ ಆಲ್ಬಮ್ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಸುಮಾರು 43 ನಿಮಿಷ, ಒಂದೇ ಸಲಕ್ಕೆ ಕೇಳಿ ಮುಗಿಸಬಹುದು. ಸಾಹಿತ್ಯವೆಲ್ಲ ಬ್ಯಾಂಡಿನ ಬೇಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ಅವರದೇ. ಆದರೆ ಸಂಗೀತದಲ್ಲಿ ಬ್ಯಾಂಡಿನ ನಾಲ್ವರ ಕೈಯೂ ಇದೆ. ರಿಚರ್ಡ್ ರೈಟ್ ಅವರ ಕೀಬೋರ್ಡ್ ತೆಗೆದರೆ ಉಳಿಯುವುದೇನು, ಅಲ್ವಾ?

ಕಥೆ ಬೇಕು, ಕೋಪವೂ ಜಾಸ್ತಿ ಇದ್ದರೆ ಪರವಾಗಿಲ್ಲ ಅನ್ನುವವರಿಗೆ 1979ರ ‘ದ ವಾಲ್’. ಡಬಲ್ ಆಲ್ಬಮ್, 26 ಹಾಡು. ಕಥೆಯೂ ಹಿಡಿತವೂ ವಾಟರ್ಸ್ ಅವರದು. ರೆಕಾರ್ಡಿಂಗ್ ಹೊತ್ತಿನಲ್ಲೇ ರೈಟ್ ಅವರನ್ನು ಬ್ಯಾಂಡಿನಿಂದ ಹೊರಗೆ ಕಳಿಸುವುದು ತೀರ್ಮಾನವಾಯಿತು. ಆಮೇಲೆ ಅದೇ ಆಲ್ಬಮ್ಮಿನ ಶೋಗಳಲ್ಲಿ ಅವರು ಸಂಬಳಕ್ಕೆ ನುಡಿಸಿದರು! ಇಷ್ಟಾದರೂ, ಇದರಲ್ಲಿ ನಾನು ಮತ್ತೆ ಮತ್ತೆ ಹಾಕಿಕೊಳ್ಳುವ ‘ಕಂಫರ್ಟಬ್ಲಿ ನಂಬ್’ ಹುಟ್ಟಿದ್ದು ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ತಂದ ಟ್ಯೂನಿನಿಂದ.