ಎರಡು ಮೇಲ್ಮನವಿ, ಒಂದು ಅರ್ಜಿ

'ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ.' 1990ರಲ್ಲಿ ಸೇನೆಗೆ ಭರ್ತಿಯಾಗಿ 2014ರಲ್ಲಿ ಹವಾಲ್ದಾರನಾಗಿ ಸಕಲೇಶಪುರಕ್ಕೆ ಮರಳಿದ ನನಗೆ ಅಂಗವೈಕಲ್ಯ ಪಿಂಚಣಿ ಇಲ್ಲವೆಂದ ಪತ್ರದ ತಿರುಳು ಇಷ್ಟೇ. ರಕ್ತದೊತ್ತಡದಿಂದ ಶೇ 30 ಅಂಗವೈಕಲ್ಯ, ಜೀವನಪರ್ಯಂತ ಎಂದು ವೈದ್ಯಕೀಯ ಮಂಡಳಿಯೇ ಬರೆದಿತ್ತು. ಪಿಂಚಣಿಗೆ ಬೇಕಾದ ಶೇ 20ರ ಮಿತಿ ದಾಟಿದ್ದೆ. ಆ ಒಂದು ಸಾಲು ಮಾತ್ರ ಅಡ್ಡ ನಿಂತಿತು.

ಮೊದಲ ಮೇಲ್ಮನವಿಗೆ ಶುಲ್ಕವಿಲ್ಲ, ಆರು ತಿಂಗಳೊಳಗೆ ಅಂಚೆಗೆ ಹಾಕಿದರಾಯಿತು. ನಾನು ನಾಲ್ಕು ಪುಟ ಬರೆದೆ. ಮಗಳ ಕಾಲೇಜು, ಮನೆ ಸಾಲ, ಕುಸಿದ ಕಾಳುಮೆಣಸಿನ ಬೆಲೆ, ಎಲ್ಲವೂ ಇತ್ತು. ಕಾಯಿಲೆಯ ಬಗ್ಗೆ ಇದ್ದದ್ದು ಎರಡೇ ಸಾಲು! ಅದೇ ವಾಕ್ಯ ಮರಳಿ ಬಂತು.

ಎರಡನೆಯದಕ್ಕೆ ಮುನ್ನ ನಿವೃತ್ತ ಸುಬೇದಾರರೊಬ್ಬರು ಬೈದು ಬುದ್ಧಿ ಹೇಳಿದರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ವೈದ್ಯಕೀಯ ದಾಖಲೆ ತರಿಸಿದೆ. ಭರ್ತಿಯ ದಿನದ ಹಾಳೆಯಲ್ಲಿ ಯಾವ ಕಾಯಿಲೆಯ ಗುರುತೂ ಇರಲಿಲ್ಲ. ಹಾಗಿದ್ದರೆ ಕಾಯಿಲೆ ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸೇನೆಯದು ಎಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಇಷ್ಟನ್ನೇ ಒಂದು ಪುಟದಲ್ಲಿ ಬರೆದೆ. ಉತ್ತರ ಹದಿನಾಲ್ಕು ತಿಂಗಳ ನಂತರ ಬಂತು, ಅದೂ ಇಲ್ಲವೆಂದೇ. ಆರು ತಿಂಗಳು ಉತ್ತರ ಬಾರದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದೆಂದು ಆಗ ನನಗೆ ಗೊತ್ತಿರಲಿಲ್ಲ.

ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ 2017ರ ಫೆಬ್ರುವರಿಯಲ್ಲಿ ಅರ್ಜಿ ಹಾಕಿದೆ. ಖರ್ಚಿನ ಮಾತಾದರೆ ಮೂರರಲ್ಲಿ ಇದೇ ದುಬಾರಿ. ವಕೀಲರ ಶುಲ್ಕ, ಕೊಚ್ಚಿವರೆಗಿನ ಪ್ರಯಾಣ, ಕಾಫಿ ಹಣ್ಣು ಕೊಯ್ಯುವ ಡಿಸೆಂಬರ್‌ನಲ್ಲೇ ವಿಚಾರಣೆ. ಆದರೆ ಪೀಠದಲ್ಲಿ ನ್ಯಾಯಮೂರ್ತಿಯ ಪಕ್ಕದಲ್ಲಿ ಹಿಂದೆ ಸಮವಸ್ತ್ರ ತೊಟ್ಟಿದ್ದ ನಿವೃತ್ತ ಸೇನಾಧಿಕಾರಿಯೊಬ್ಬರೂ ಸದಸ್ಯರಾಗಿ ಕೂರುತ್ತಾರೆ. ಎದುರು ಪಕ್ಷದವರು 'ಕಾಯಿಲೆ ಕಾಣಿಸಿದ್ದು ಪೀಸ್ ಸ್ಟೇಷನ್‌ನಲ್ಲಿ', ಅಂದರೆ ಗಡಿಯಿಂದ ದೂರದ ಶಾಂತ ನೆಲೆಯಲ್ಲಿ, ಎಂದಾಗ ಆ ಸದಸ್ಯರು ಅದಕ್ಕೂ ಹಿಂದಿನ ಪೋಸ್ಟಿಂಗ್ ಪಟ್ಟಿ ಕೇಳಿದರು. ಗಡಿಯಂಥ ಕಠಿಣ ಜಾಗಗಳಲ್ಲಿ ಕಳೆದ ಎರಡು ಫೀಲ್ಡ್ ಅವಧಿಗಳ ಮೇಲೆ ಅವರ ಪೆನ್ನು ನಿಂತದ್ದನ್ನು ಹಿಂದಿನ ಸಾಲಿನಿಂದ ನೋಡಿದೆ. ಮೂರು ವರ್ಷಗಳಲ್ಲಿ ನನ್ನ ಕಾಗದವನ್ನು ಯಾರಾದರೂ ಓದುವುದನ್ನು ಕಂಡದ್ದು ಅದೇ ಮೊದಲು.

ಆದೇಶ ನನ್ನ ಪರವಾಗಿ ಬಂತು. ಅಂಗವೈಕಲ್ಯದ ಶೇ 30ನ್ನು 50ಕ್ಕೆ ಏರಿಸಿದ್ದರಿಂದ ಕೊನೆಯ ವೇತನದ ಶೇ 9ರ ಬದಲು ಶೇ 15 ಸಿಗುತ್ತಿದೆ. ತಡವಾಗಿ ಹೋದವರಿಗೆ ಆಗ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳ ಬಾಕಿ ಮಾತ್ರ ಸಿಗುತ್ತಿತ್ತು. ನಾನು ಅಷ್ಟರೊಳಗೇ ಹೋಗಿದ್ದೆ, ಪೂರ್ತಿ ಬಂತು.

ಹಾಗೆಂದು ಮೇಲ್ಮನವಿ ಬಿಟ್ಟು ನೇರವಾಗಿ ನ್ಯಾಯಮಂಡಳಿಗೆ ಓಡಲಾಗದು. ಇಲಾಖೆಯೊಳಗಿನ ದಾರಿ ಮುಗಿಸಿ ಬನ್ನಿ ಎನ್ನುತ್ತದೆ ಕಾಯ್ದೆ. ಮೇಲಾಗಿ ವಕೀಲರ ಅರ್ಜಿಗೆ ಬೆನ್ನೆಲುಬಾದದ್ದು ಸೋತ ಆ ಎರಡನೆಯ ಮೇಲ್ಮನವಿಯೇ. ಕಳೆದ ತಿಂಗಳು ಸೇನೆಯ ನಾಯಕ್ ದರ್ಜೆಯ ಆಲೂರಿನವರೊಬ್ಬರು ಮಾದರಿ ಕೇಳಿಕೊಂಡು ಬಂದರು. ಟ್ರಂಕಿನಲ್ಲಿ ಎರಡರ ಪ್ರತಿಯೂ ಇತ್ತು. ನಾಲ್ಕು ಪುಟದ್ದನ್ನು ಮೇಲೆ ತೆಗೆಯಲೇ ಇಲ್ಲ.