ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಉಬುಂಟು: ಐದು ವರ್ಷಗಳ ಬಳಕೆಯ ನಂತರ

ತುಮಕೂರಿನ ಅಶೋಕ ರಸ್ತೆಯ ಬಳಿ ಡಿಟಿಪಿ ಅಂಗಡಿ ನಡೆಸುವ ನಾನು, 2020ರ ಕೊನೆಯಲ್ಲಿ ವಿಂಡೋಸ್ 10 ಇದ್ದ ಲ್ಯಾಪ್‌ಟಾಪ್‌ಗೆ ಉಬುಂಟು 20.04 ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯನ್ನೂ ಹಾಕಿಕೊಂಡೆ. ಲಗ್ನಪತ್ರಿಕೆ, ಕರಪತ್ರಗಳಿಗೆ ವಿಂಡೋಸ್‌ನಲ್ಲಿ ಓಡುವ ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ಮತ್ತು ಪುಟ ವಿನ್ಯಾಸದ ಪೇಜ್‌ಮೇಕರ್ ಬೇಕೇ ಬೇಕಾದ್ದರಿಂದ ವಿಂಡೋಸ್ ಬಿಡುವಂತಿರಲಿಲ್ಲ. ಆದರೆ ಗಿರಾಕಿಗಳ ಪೆನ್‌ಡ್ರೈವ್‌ಗಳಿಂದ ವೈರಸ್ ತಗುಲಿ ವರ್ಷಕ್ಕೆರಡು ಬಾರಿ ಫಾರ್ಮ್ಯಾಟ್ ಮಾಡಿಸುವುದು ಸಾಕಾಗಿಹೋಗಿತ್ತು. ವಿಂಡೋಸ್‌ಗೆಂದು ಬರೆದ ವೈರಸ್ ಉಬುಂಟುವಿನಲ್ಲಿ ಓಡದ ಕಾರಣ ಈಗ ಯಾವುದೇ ಪೆನ್‌ಡ್ರೈವನ್ನು ಮೊದಲು ಉಬುಂಟುವಿನಲ್ಲಿ ತೆರೆದು, ಬೇಕಾದ ಕಡತವನ್ನಷ್ಟೇ ತೆಗೆದುಕೊಳ್ಳುತ್ತೇನೆ. ಅಂದಿನಿಂದ ಒಮ್ಮೆಯೂ ಫಾರ್ಮ್ಯಾಟ್ ಮಾಡಿಸಿಲ್ಲ.

ಮೊದಲು, ವಿಂಡೋಸ್ ಒಳಗೇ ಉಬುಂಟುವನ್ನು ಓಡಿಸುವ ವರ್ಚುವಲ್‌ಬಾಕ್ಸ್ ಬಳಸಿ ನೋಡಿದ್ದೆ. ಇದ್ದ 8 ಜಿಬಿ ರ‍್ಯಾಮ್ ಎರಡಕ್ಕೂ ಹಂಚಿಹೋಗಿ ಎರಡೂ ನಿಧಾನವಾದವು. ಡ್ಯುಯಲ್ ಬೂಟ್‌ನಲ್ಲಿ (ಯಂತ್ರ ಚಾಲೂ ಮಾಡುವಾಗ ಎರಡರಲ್ಲಿ ಒಂದನ್ನು ಆರಿಸುವ ಏರ್ಪಾಡು) ಒಮ್ಮೆಗೆ ಒಂದೇ ವ್ಯವಸ್ಥೆ ಓಡುವುದರಿಂದ ಆ ತೊಂದರೆಯಿಲ್ಲ. 512 ಜಿಬಿ ಎಸ್‌ಎಸ್‌ಡಿಯಲ್ಲಿ ಸುಮಾರು 200 ಜಿಬಿ ವಿಂಡೋಸ್‌ಗೆ, 60 ಜಿಬಿ ಉಬುಂಟುವಿಗೆ ಕೊಟ್ಟು, ಉಳಿದದ್ದನ್ನು ಎರಡೂ ಓದಬಲ್ಲ ಎನ್‌ಟಿಎಫ್‌ಎಸ್ ವಿಭಾಗವಾಗಿ ಇಟ್ಟುಕೊಂಡೆ. ವಿಂಡೋಸ್ ಇದ್ದ ಯಂತ್ರದಲ್ಲಿ ಜಾಗ ಬಿಡಿಸಿ ನಂತರ ಉಬುಂಟು ಹಾಕುವುದೇ ಸಲೀಸು. ಅದಕ್ಕೂ ಮೊದಲು ಕಡತಗಳ ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ.

ಕಾಡಿದ ಸಂಗತಿಗಳು ಎರಡು. ಬೆಳಗ್ಗೆ 11 ಗಂಟೆಗೆ ವಿಂಡೋಸ್ ತೆರೆದರೆ ಗಡಿಯಾರ 5:30 ತೋರಿಸುತ್ತಿತ್ತು. ಯಂತ್ರದೊಳಗಿನ ಗಡಿಯಾರದಲ್ಲಿ ಉಬುಂಟು ಅಂತರರಾಷ್ಟ್ರೀಯ ಸಮಯವನ್ನು ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಆದ್ದರಿಂದಲೇ ಸರಿಯಾಗಿ ಐದೂವರೆ ಗಂಟೆಯ ಅಂತರ. ಟೈಮ್‌ಡೇಟ್‌ಸಿಟಿಎಲ್ ಆಜ್ಞೆ ಕೊಟ್ಟು ಉಬುಂಟುವೂ ಸ್ಥಳೀಯ ಸಮಯವನ್ನೇ ಬರೆಯುವಂತೆ ಮಾಡಿದ ಮೇಲೆ ಸರಿಹೋಯಿತು. ಇನ್ನೊಂದು ಹೆಚ್ಚು ಗಂಭೀರ. ಮದುವೆಯ ಸುಗ್ಗಿಯ ಒಂದು ಸಂಜೆ ಪತ್ರಿಕೆಯ ತಿದ್ದುಪಡಿಯನ್ನು ಉಬುಂಟುವಿನಿಂದ ಉಳಿಸಲು ಹೋದರೆ ಹಂಚಿಕೆಯ ವಿಭಾಗ ಓದಲು ಮಾತ್ರ ತೆರೆದಿತ್ತು. ಯಂತ್ರ ಬೇಗ ತೆರೆಯಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಬರೆದರೆ ಕಡತಗಳು ಕೆಡಬಹುದೆಂದು ಉಬುಂಟು ತಡೆಯುತ್ತದೆ. ಡ್ಯುಯಲ್ ಬೂಟ್ ಮಾಡುವವರು ಮೊದಲ ದಿನವೇ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕನ್ನಡ ಟೈಪಿಂಗ್ ಬಗ್ಗೆ ಇದ್ದ ಅಳುಕು ಒಂದೇ ವಾರದಲ್ಲಿ ಹೋಯಿತು. ಉಬುಂಟುವಿನ ಟೈಪಿಂಗ್ ಸೌಲಭ್ಯವಾದ ಐಬಸ್‌ನಲ್ಲಿ ನುಡಿಯದೇ ವಿನ್ಯಾಸದ ಕೆಜಿಪಿ ಕೀಲಿಮಣೆ ಸಿಗುತ್ತದೆ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ, ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಬರುವುದು ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯುನಿಕೋಡ್ ಅಕ್ಷರಗಳಾದ್ದರಿಂದ ವಾಟ್ಸಾಪ್‌ನಲ್ಲಿ ಕಳಿಸಿದ ಕರಡನ್ನು ಗಿರಾಕಿಗಳು ಫೋನಿನಲ್ಲೇ ಓದಿ ತಪ್ಪು ತಿಳಿಸುತ್ತಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ನನ್ನ ಯಂತ್ರಕ್ಕೆ ವಿಂಡೋಸ್ 11 ಅರ್ಹತೆಯಿಲ್ಲದ ಕಾರಣ ವಿಂಡೋಸ್‌ನಲ್ಲಿ ಇಂಟರ್ನೆಟ್ ತೆಗೆದುಹಾಕಿದ್ದೇನೆ. ಬ್ಯಾಂಕು, ಅರ್ಜಿ, ಇಮೇಲ್ ಎಲ್ಲವೂ 24.04ಕ್ಕೆ ಏರಿಸಿರುವ ಉಬುಂಟುವಿನಲ್ಲೇ. ನುಡಿಯ ಹಳೆಯ ಅಕ್ಷರ ಸಂಕೇತದಲ್ಲಿರುವ ಆಸ್ಕಿ ಕಡತಗಳನ್ನು ಬಿಡುವಾದಾಗಲೆಲ್ಲ ಯುನಿಕೋಡ್‌ಗೆ ಬದಲಿಸುತ್ತಿದ್ದೇನೆ. ಅವು ಮುಗಿಯುವವರೆಗೆ ವಿಂಡೋಸ್‌ನ 200 ಜಿಬಿ ಹಾಗೇ ಇರುತ್ತದೆ.